ಗಿರಿಜವ್ವನ ಕೈಗೆ ತಿಳಿದದ್ದು

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ತುಸು ಹೊತ್ತಿತು. ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರು. ನನಗೇನೂ ಆಗಲಿಲ್ಲ. ನಾನು ಹುಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ನೋಡಿ. ಅಲ್ಲಿ ಯಾರಾದರೂ ಕೆಮ್ಮಿದರೆ ಏನಾಯಿತೆಂದು ಕೇಳುವ ಪದ್ಧತಿಯೇ ಇಲ್ಲ.

ಈ ಪದ್ಧತಿಯನ್ನು ನಾನು ರಾಣೆಬೆನ್ನೂರಿನ ಆಸ್ಪತ್ರೆಯ ಐಸಿಯುಗೂ ಹೊತ್ತೊಯ್ದಿದ್ದೆ. ನರ್ಸ್ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಜಂಬ ಮಾತ್ರ ಹತ್ತು ವರ್ಷದ್ದಿತ್ತು. ಆಗ ಬಂದವರು ಫಕ್ಕೀರಪ್ಪ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಹಮಾಲರು. ಪುಪ್ಪುಸ ಕೆಟ್ಟು ವೆಂಟಿಲೇಟರ್ ಮೇಲಿದ್ದರು. ಗಾಳಿ ಒಳಹೋಗುವುದು, ಹೊರಬರುವುದು ಆ ಯಂತ್ರದ ಪರದೆಯಲ್ಲಿ ಗೆರೆಯಾಗಿ ಮೂಡುತ್ತದೆ. ಅವರ ಗೆರೆಯಲ್ಲಿ, ಗಾಳಿ ಹೊರಬರುವ ಕಡೆ, ಸಣ್ಣದೊಂದು ಕಚ್ಚು ಮತ್ತೆ ಮತ್ತೆ ಬೀಳುತ್ತಿತ್ತು. ನಾನೂ ಕಂಡಿದ್ದೆ.

ಅವರ ಹೆಂಡತಿ ಗಿರಿಜವ್ವ ಒಳಗೆ ಬಿಟ್ಟಾಗಲೆಲ್ಲ ಗಂಡನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು.

"ಸಿಸ್ಟರ್, ಹೊಟ್ಟಿ ಎರಡ ಸಲ ಏಳತೈತಿ. ಮಷಿನ್ ಒಂದ ಸಲ ಗಾಳಿ ಕೊಡತೈತಿ."

"ಅದು ಕೆಮ್ಮರಿ, ಅವ್ವಾರ. ಘಾಟು ಎದ್ಯಾಗ ಕುಂತೈತಿ."

ಕಫ ಎಳೆದು ತೆಗೆದೆ. ಡ್ಯೂಟಿ ಡಾಕ್ಟರಿಗೂ ಕೆಮ್ಮು ಎಂದೇ ಹೇಳಿ ನಿದ್ದೆಯ ಔಷಧಿ ಹೆಚ್ಚು ಮಾಡಿಸಿದೆ. ಕಚ್ಚು ಹೋಗಲಿಲ್ಲ. ಮರುದಿನವೂ ಗಿರಿಜವ್ವ ಅದನ್ನೇ ಹೇಳಿದರು, ನನಗೆ ಸಿಟ್ಟು ಬಂದೀತೆಂದು ದನಿ ತಗ್ಗಿಸಿ. ಸಿಟ್ಟು ಬಂದೇ ಬಂತು.

ಮೂರನೆಯ ದಿನ ಹಿರಿಯ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಇದು ಕೆಮ್ಮಲ್ಲ, ತಂಗಿ. ಒಳಗಿನ ಗಾಳಿ ಪೂರ್ತಿ ಹೊರಗ ಬಂದಿಲ್ಲ. ಅಷ್ಟರಾಗ ಇವರು ಮತ್ತ ಉಸಿರು ಜಗ್ಗಾಕತ್ತಾರ. ಮಷಿನ್ನಿಗೆ ಅದು ಗೊತ್ತಾಗವಲ್ದು."

ಅವರು ಒಳಬಿಡುವ ಗಾಳಿ ತಗ್ಗಿಸಿದರು, ಹೊರಬಿಡಲು ಹೆಚ್ಚು ಹೊತ್ತು ಕೊಟ್ಟರು, ನಿದ್ದೆಯ ಔಷಧಿ ಇಳಿಸಿದರು. ನೋಡುತ್ತಿದ್ದಂತೆ ಕಚ್ಚು ಕಡಿಮೆಯಾಯಿತು. ನನಗೆ ತಲೆ ಎತ್ತಲು ನಾಚಿಕೆಯಾಯಿತು. ಎರಡು ದಿನ ಆ ಮನುಷ್ಯ ಉಸಿರು ಬೇಡಿ ಬೇಡಿ ದಣಿದಿದ್ದರು.

ವಾರದೊಳಗೆ ಫಕ್ಕೀರಪ್ಪ ರಕ್ತಕ್ಕೆ ನಂಜೇರಿ ತೀರಿಕೊಂಡರು. ಆ ಎರಡು ದಿನ ಸರಿಯಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅದು ಸಮಾಧಾನವೋ ಶಿಕ್ಷೆಯೋ ನನಗೆ ತಿಳಿದಿಲ್ಲ.

ಹೆಣ ಒಯ್ಯುವ ಮುಂಚೆ ಗಿರಿಜವ್ವ ನನ್ನ ಹತ್ತಿರ ಬಂದರು. "ಖರೇ ಹೇಳ್ರಿ ಸಿಸ್ಟರ್. ಅದು ಕೆಮ್ಮ ಇತ್ತೋ, ಉಸಿರು ಬೇಡಾಕತ್ತಿದ್ರೋ?"

"ಕೆಮ್ಮರಿ," ಎಂದೆ.

"ಹಂಗಾರ ನನ್ನ ಕೈಗೇ ತಿಳೀಲಿಲ್ಲ ಬಿಡ್ರಿ."

ಈಗ ಹಾವೇರಿಯಲ್ಲಿ ಹೊಸ ನರ್ಸುಗಳಿಗೆ ಈ ಗೆರೆ ಓದುವುದನ್ನು ನಾನೇ ಕಲಿಸುತ್ತೇನೆ. ಕಚ್ಚು ಕಂಡರೆ ಮೊದಲು ರೋಗಿಯ ಹೊಟ್ಟೆಯ ಮೇಲೆ ಕೈ ಇಡಿ, ಎಣಿಸಿ ಎನ್ನುತ್ತೇನೆ. ಯಾರು ಕಲಿಸಿದರು ಮೇಡಂ ಎಂದರೆ ಡಾಕ್ಟರ ಹೆಸರು ಹೇಳುತ್ತೇನೆ. ಗಿರಿಜವ್ವ ಇನ್ನೂ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರಂತೆ, ತಮ್ಮ ಕೈಯೇ ತಪ್ಪಿತೆಂದು ನಂಬಿಕೊಂಡು.