ಉಳ್ಳಾಗಡ್ಡಿ ಇಲ್ಲದ ಉಪ್ಪಿಟ್ಟಿಗಾಗಿ ಮೌಲಾಸಾಬರ ಓಟ

ಬೆಳಗಿನ ಐದೂಕಾಲು. ಖಾನಾಪುರದ ಬಸ್ ನಿಲ್ದಾಣದ ಪಕ್ಕ ಜಿಟಿಜಿಟಿ ಮಳೆಯಲ್ಲಿ ಒಂದು ಹಳೆಯ ಕ್ರೂಸರ್ ಗಾಡಿ ನಿಂತಿದೆ. ಹುಡುಗಿಯರು ಕಣ್ಣುಜ್ಜಿಕೊಳ್ಳುತ್ತ ಒಬ್ಬೊಬ್ಬರಾಗಿ ಬಂದು ಹತ್ತುತ್ತಿದ್ದಾರೆ. ಬಾಗಿಲಲ್ಲಿ ನಿಂತ ಚಾಲಕ ಮೌಲಾಸಾಬ ಯಾರನ್ನೂ ಬೂಟು ತಂದೆಯಾ, ಜೆರ್ಸಿ ತಂದೆಯಾ ಎಂದು ಕೇಳುವುದಿಲ್ಲ. ರಾತ್ರಿ ಏನು ಉಂಡೆ, ನಿದ್ದೆ ಬಂತಾ, ಈಗ ಹೊಟ್ಟೆ ಹೇಗಿದೆ, ಇಷ್ಟೇ ಅವರ ವಿಚಾರಣೆ. ಮಾಸೂಮಾ ಎಂಬ ಪುಟ್ಟ ಹುಡುಗಿ ರಾತ್ರಿ ಭಜಿ ತಿಂದೆ ಎಂದು ಬಾಯಿ ಬಿಟ್ಟದ್ದೇ ತಡ, ಅವಳಿಗೆ ಕಿಟಕಿ ಪಕ್ಕದ ಸೀಟು ಮತ್ತು ಕೈಗೊಂದು ಪ್ಲಾಸ್ಟಿಕ್ ಚೀಲ ಸಿಗುತ್ತದೆ.

ಇದು ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ಫುಟ್ಬಾಲ್ ತಂಡ. ಇವತ್ತು ಬೆಳಗಾವಿಯಲ್ಲಿ ಕಾಕತಿಯ ಹುಡುಗಿಯರ ಜೊತೆ ಸೆಮಿಫೈನಲ್, ಒಂಬತ್ತೂವರೆಗೆ. ಹನ್ನೆರಡು ಮಕ್ಕಳು, ಅವರ ಪಿ.ಟಿ. ಮಾಸ್ತರ ಗುರುಸಿದ್ದ, ಜೊತೆಗೆ ಇದನ್ನು ಬರೆಯುತ್ತಿರುವ ನಾನು. ಬೆಳಗಿನ ನಿದ್ದೆ ಬಿಟ್ಟು ಬರುವುದೆಂದರೆ ನನಗೆ ಪ್ರಾಣಸಂಕಟ. ಆದರೆ ಮಕ್ಕಳನ್ನು ಮೈದಾನಕ್ಕೆ ಒಯ್ಯುವ ಚಾಲಕರು ಊರೂರಿಗೂ ಇದ್ದಾರೆ. ಆಟಕ್ಕೆ ಮೊದಲು ಆ ಮಕ್ಕಳಿಗೆ ಎಲ್ಲಿ ಉಣಿಸಬೇಕು ಎಂದು ವಾರವಿಡೀ ತಲೆ ಕೆಡಿಸಿಕೊಳ್ಳುವ ಚಾಲಕ ಒಬ್ಬರೇ ಎಂದು ಕೇಳಿ ಬಂದಿದ್ದೇನೆ.

ಮೌಲಾಸಾಬರಿಗೆ ಐವತ್ತಾರು. ಇಪ್ಪತ್ತೆರಡಕ್ಕೆ ಲಾರಿ ಹತ್ತಿದವರು. ಘಟ್ಟ ಇಳಿದು ಹತ್ತುವ ಆ ಕೆಲಸದಲ್ಲಿ ಮಧ್ಯಾಹ್ನದ ಊಟ ಸಂಜೆಗೆ, ರಾತ್ರಿಯದು ಸಿಕ್ಕರೆ ಸಿಕ್ಕಿತು. ಹದಿನೈದು ವರ್ಷದಲ್ಲಿ ಹೊಟ್ಟೆಯಲ್ಲಿ ಹುಣ್ಣಾಗಿ, ಡಾಕ್ಟರು ಬೈದು ಲಾರಿಯಿಂದ ಇಳಿಸಿದರು. ಈಗ ಖಾನಾಪುರದಿಂದ ಬೆಳಗಾವಿಗೆ ದಿನಕ್ಕೆ ನಾಲ್ಕು ಟ್ರಿಪ್ಪು ಪ್ರಯಾಣಿಕರನ್ನು ಒಯ್ಯುತ್ತಾರೆ. ರಜೆಯ ದಿನ, ಆಯಿತವಾರ ಮಾತ್ರ ಗಾಡಿ ಮಕ್ಕಳದು.

ನಾಲ್ಕು ವರ್ಷದ ಹಿಂದೆ ಮೊದಲ ಸಲ ತಂಡವನ್ನು ಕರೆತಂದಾಗ ಊಟಕ್ಕೆ ಎಲ್ಲಾದರೂ ನಿಲ್ಲಿಸಿ ಎಂದಿದ್ದರಂತೆ ಮಾಸ್ತರು. ಅವತ್ತೇ ಬೆಳಗಾವಿಯಲ್ಲಿ ಮೌಲಾಸಾಬರ ತಂಗಿಯ ಮಗಳ ಮದುವೆ. ಬೇರೆಲ್ಲೋ ಯಾಕೆ ಎಂದು ಗಾಡಿಯನ್ನು ಸೀದಾ ಶಾದಿ ಮನೆಗೆ ತಿರುಗಿಸಿದರು. ಮದುವೆ ಮನೆಯ ಬಾಗಿಲಿಗೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಕಳಿಸುವುದು ಅವರ ಮನೆತನದಲ್ಲಿ ಉಂಟೆ? ತಿನ್ನುವವರಿಗೆ ಬಿರಿಯಾನಿ, ತಿನ್ನದವರಿಗೆ ಪೂರಿ, ಎಲ್ಲರಿಗೂ ಎರಡೆರಡು ಬಟ್ಟಲು ಖೀರು. ಅಜ್ಜಿಯರು ಬೇರೆ ಪಕ್ಕದಲ್ಲಿ ಕುಳಿತು ಒತ್ತಾಯ ಮಾಡಿ ಬಡಿಸಿದರು. ಮೂರು ಗಂಟೆಗೆ ಆಟ ಶುರುವಾಯಿತು. ಮೂರೂಕಾಲಿಗೆ ಇಬ್ಬರು ಹುಡುಗಿಯರು ಮೈದಾನದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು.

"ಒಂಬತ್ತು ಗೋಲು ಬಿದ್ದೂರಿ. ಅವನ್ನ ಹುಡುಗ್ಯಾರ ಹೆಸರಿಗೆ ಹಚ್ಚಬ್ಯಾಡ್ರಿ, ಒಂಬತ್ತೂ ನನ್ನ ಹೆಸರಿಗೆ ಬರೀರಿ ಅಂತ ಮಾಸ್ತರಿಗೆ ಹೇಳಿದೆ," ಎನ್ನುತ್ತಾರೆ ಮೌಲಾಸಾಬ. ಹೇಳುತ್ತ ಹೇಳುತ್ತ ಅವರಿಗೇ ನಗು ತಡೆಯುವುದಿಲ್ಲ.

ಅವತ್ತಿನಿಂದ ಶುರುವಾಯಿತು ಹುಡುಕಾಟ. ಉಂಡು ಎರಡು ತಾಸಾದ ಮೇಲೆಯೇ ಆಟ. ಖಾರ ಕಡಿಮೆ ಇರಬೇಕು. ಕೈ ತೊಳೆಯುವ ನಳ ಮಕ್ಕಳಿಗೆ ಎಟುಕಬೇಕು, ಸಂಡಾಸಿನ ಬಾಗಿಲಿಗೆ ಒಳಗಿನ ಚಿಲಕ ಇರಬೇಕು. ಇವೆಲ್ಲ ಸರಿ ಇದ್ದರೂ ಕೊನೆಯ ಪರೀಕ್ಷೆಯೊಂದು ಉಂಟು. ಮೌಲಾಸಾಬ ಗಿರಾಕಿಯ ಹಾಗೆ ಹೋಗಿ ಕೂರುತ್ತಾರೆ, ಒಂದು ಲೋಟ ನೀರನ್ನು ಬೇಕೆಂದೇ ಮೇಜಿನ ಮೇಲೆ ಚೆಲ್ಲುತ್ತಾರೆ, ಮಾಲೀಕರ ಮುಖ ನೋಡುತ್ತಾರೆ. ಮುಖ ಗಂಟಿಕ್ಕಿದರೆ ಆ ಹೋಟೆಲ್ಲಿಗೆ ಮಕ್ಕಳಿಲ್ಲ. ಹನ್ನೆರಡು ಮಕ್ಕಳು ಉಣ್ಣಲು ಕೂತರೆ ನಾಲ್ಕು ಲೋಟವಾದರೂ ಉರುಳುತ್ತವೆ ಎಂಬುದು ಅವರ ಅನುಭವ. ಹೀಗೆ ನೀರು ಚೆಲ್ಲಿದ್ದು ಇಪ್ಪತ್ತೊಂದು ಕಡೆ, ಪಾಸಾದದ್ದು ಐದೇ ಐದು. ಪೇಟೆಯ ಒಂದು ಹೋಟೆಲ್ಲಿನಲ್ಲಿ ಅವರು ಒಳಗೆ ಕಾಲಿಟ್ಟರೆ ಈಗ ಮಾಣಿ ತಾನೇ ಒರೆಸುವ ಬಟ್ಟೆ ಹಿಡಿದು ಬರುತ್ತಾನಂತೆ.

ಇವತ್ತಿನ ಚಿಂತೆ ಇನ್ನೂ ದೊಡ್ಡದು. ಗೋಲು ಕಾಯುವ ಶರ್ವರಿಗೆ ಹನ್ನೊಂದು ವರ್ಷ. ಜೈನರ ಮನೆಯ ಹುಡುಗಿ. ಈಗ ಚಾತುರ್ಮಾಸ. ಆ ನಾಲ್ಕು ತಿಂಗಳು ಅವರ ಮನೆಯಲ್ಲಿ ಉಳ್ಳಾಗಡ್ಡಿ ಎಂದು ಇಲ್ಲಿ ಕರೆಯುವ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಸೊಪ್ಪು ಯಾವುದೂ ಒಲೆಯ ಹತ್ತಿರ ಸುಳಿಯುವುದಿಲ್ಲ. ಹೋದ ತಿಂಗಳ ಆಟಕ್ಕೆ ಅಜ್ಜಿ ಚಂಪಾಬಾಯಿ ಡಬ್ಬಿ ಕಟ್ಟಿಕೊಟ್ಟಿದ್ದರು. ಎಲ್ಲರೂ ಬಿಸಿಬಿಸಿ ತಿನ್ನುವಾಗ ತಾನೊಬ್ಬಳೇ ಡಬ್ಬಿ ಬಿಚ್ಚಲು ನಾಚಿಕೆಯಾಗಿ ಶರ್ವರಿ ಆಗಲೇ ತಿಂದೆ ಎಂದು ಸುಳ್ಳು ಹೇಳಿದಳು. ಅರ್ಧ ಆಟಕ್ಕೆ ತಲೆ ತಿರುಗಿ ಗೋಲ್‌ಕಂಬ ಹಿಡಿದು ಕುಸಿದಳು. ಅಜ್ಜಿ ಅವತ್ತೇ ಖಡಾಖಂಡಿತವಾಗಿ ಹೇಳಿದ್ದಾರೆ: ಇನ್ನೊಮ್ಮೆ ಹಸಿದು ಬಿದ್ದಳೋ, ಫುಟ್ಬಾಲ್ ಬಂದ್. ಮೌಲಾಸಾಬ ಅವರ ಮನೆಗೆ ಹೋಗಿ, ಈ ಸಲ ಉಣಿಸಿಯೇ ಆಡಿಸುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾರೆ.

"ಒಬ್ಬಾಕಿ ಮೂಲ್ಯಾಗ ಕುಂತು ಬ್ಯಾರೆ ಉಣ್ಣೂದು ನನಗ ನೋಡಾಕ ಆಗೂದಿಲ್ರಿ," ಎನ್ನುತ್ತಾರೆ. "ಆಕಿ ಏನ್ ಉಣ್ತಾಳ, ಎಲ್ಲಾರೂ ಅದನ್ನ ಉಣ್ಣಬೇಕು. ಹಂಗ ಮಾಡಿದ್ರ ನಾಚಿಕಿ ಎಲ್ಲಿಂದ ಬರತೈತಿ?"

ಅದಕ್ಕೇ ಪಾಸಾದ ಐದರಲ್ಲಿ ಒಂದಾದ, ಮೈದಾನದ ಹತ್ತಿರದ ಮಾಯವ್ವನ ಖಾನಾವಳಿಯಲ್ಲಿ ಉಳ್ಳಾಗಡ್ಡಿ ಇಲ್ಲದ ಉಪ್ಪಿಟ್ಟಿಗೆ ಶುಕ್ರವಾರವೇ ಹೇಳಿಟ್ಟಿದ್ದರು. ಆದರೆ ಆರೂಮುಕ್ಕಾಲಿಗೆ ನಾವು ಹೋದರೆ ಖಾನಾವಳಿಗೆ ಬೀಗ. ಮಾಯವ್ವನ ಮಗಳಿಗೆ ರಾತ್ರಿ ಹೆರಿಗೆ ನೋವು ಬಂತು, ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ, ಗಂಡುಮಗು ಎಂದು ಪಕ್ಕದ ಮನೆಯವರು ಹೇಳಿದರು. ಮೌಲಾಸಾಬ ಖುಷಿಯಾಗಿ ಬಾಣಂತಿ ಹೇಗಿದ್ದಾಳೆ, ಮಗು ಅತ್ತಿತಾ ಎಂದೆಲ್ಲ ಕೇಳಿ, ಅಭಿನಂದನೆ ತಿಳಿಸಲು ಹೇಳಿ ಗಾಡಿಯತ್ತ ತಿರುಗುತ್ತಾರೆ. ಕಿಟಕಿಯಲ್ಲಿ ಹನ್ನೆರಡು ಮುಖಗಳು. ಅವರು ಓಡಿ ಹೋಗಿ ಸ್ಟೇರಿಂಗ್ ಹಿಡಿಯುತ್ತಾರೆ.

ಏಳೂವರೆಯೊಳಗೆ ಉಣಿಸಿ ಮುಗಿಸಬೇಕು, ಪಾಸಾದ ಉಳಿದ ನಾಲ್ಕು ಕಡೆ ಇಷ್ಟು ಬೇಗ ಒಲೆ ಹೊತ್ತುವುದಿಲ್ಲ. ಮೊದಲ ಹೋಟೆಲ್ಲಿನಲ್ಲಿ ನಿಂತೇ ತಿನ್ನಬೇಕು, ಮೇಜು ಮಾಸೂಮಾಳ ಗದ್ದಕ್ಕೆ ಬರುತ್ತದೆ. ಎರಡನೆಯದರಲ್ಲಿ ಕೂರಲು ಬೆಂಚುಗಳೇನೋ ಇವೆ, ಉಪ್ಪಿಟ್ಟಿನ ತುಂಬ ಉಳ್ಳಾಗಡ್ಡಿ. ಬೇಕಾದರೆ ಆರಿಸಿ ತೆಗೆದು ಕೊಡುತ್ತೇನೆ ಎನ್ನುತ್ತಾರೆ ಮಾಲೀಕರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮೌಲಾಸಾಬ ಕೈಮುಗಿದು ಹೊರಬರುತ್ತಾರೆ. ಗುರುಸಿದ್ದ ಮಾಸ್ತರು ಗಡಿಯಾರ ನೋಡಿ, ಬಾಳೆಹಣ್ಣು ಕೊಡಿಸಿ ಮುಗಿಸೋಣ ಎಂದರೆ ಇವರು ಕೇಳುವವರೇ ಅಲ್ಲ. ಬಾಳೆಹಣ್ಣು ಅರ್ಧ ಆಟಕ್ಕೆ, ಈಗ ಹೊಟ್ಟೆಗೆ ಬಿಸಿಯಾದದ್ದೇ ಆಗಬೇಕು ಎಂದು ಗಾಡಿಯನ್ನು ಸದಾಶಿವನಗರದ ಕಡೆ ತಿರುಗಿಸುತ್ತಾರೆ. ಹಿಂದಿನ ಸೀಟಿನಲ್ಲಿ ಶರ್ವರಿ ತಲೆ ತಗ್ಗಿಸಿ ಕುಳಿತಿದ್ದಾಳೆ. ತನ್ನಿಂದಾಗಿಯೇ ಎಲ್ಲರೂ ಹಸಿದಿದ್ದಾರೆ ಎಂಬ ಸಂಕಟ ಆ ಮುಖದ ಮೇಲೆ ಬರೆದ ಹಾಗಿದೆ.

ಒಂದು ಓಣಿಯಲ್ಲಿ ಹಾಸ್ಟೆಲ್ ಹುಡುಗರಿಗೆ ಅಡುಗೆ ಮಾಡುವ ನೀಲಾ ಎಂಬವರ ಮೆಸ್ ಇದೆ. ಮೌಲಾಸಾಬ ಇಲ್ಲಿಗೆ ಎಂದೂ ಬಂದವರಲ್ಲ. ಹೊರಗೆ ಸೂರಿನಡಿ ಒಣಗಲು ಹಾಕಿದ ಹನ್ನೆರಡು ಸ್ಟೀಲ್ ತಟ್ಟೆ ಕಂಡು ಬ್ರೇಕ್ ಹಾಕಿದ್ದಾರೆ, ಅಷ್ಟೇ. ನಮಗೆ ಬೇಕಾದ ಉಪ್ಪಿಟ್ಟು ಎಂಥದೆಂದು ನೀಲಾ ಪೂರ್ತಿ ಕೇಳಿಸಿಕೊಳ್ಳುವಷ್ಟರಲ್ಲಿ ಮಾಸೂಮಾಳ ಮೊಣಕೈ ತಾಗಿ ನೀರಿನ ತಂಬಿಗೆಯೇ ನೆಲಕ್ಕುರುಳುತ್ತದೆ. ನಾವೆಲ್ಲ ನೀಲಾ ಅವರ ಮುಖ ನೋಡುತ್ತೇವೆ. ಅವರು ಸೆರಗು ಸಿಕ್ಕಿಸಿಕೊಂಡು ನಗುತ್ತಾರೆ. "ಇರ್ಲಿ ಬಿಡವಾ, ನಾ ಹೆಂಗೂ ಒರಸಾಕಿನ ಇದ್ದೆ. ಇಪ್ಪತ್ತು ಮಿನಿಟ್ ಕುಂದರ್ರಿ, ಹೊಸಾದು ಮಾಡ್ತೇನಿ."

ಮುಂದಿನ ಇಪ್ಪತ್ತು ನಿಮಿಷ ಮೌಲಾಸಾಬ ಅಡುಗೆಮನೆಯ ಹೊಸ್ತಿಲು ಬಿಡುವುದಿಲ್ಲ. ಬಾಣಲೆಯನ್ನು ಇನ್ನೊಮ್ಮೆ ತೊಳೆಸುತ್ತಾರೆ. ಸೌಟನ್ನೂ ತೊಳೆಸುತ್ತಾರೆ. ಕೊತ್ತಂಬರಿ ಹಾಕಲು ಹೋದ ಕೈಯನ್ನು ತಡೆದು, ಅದೂ ಸೊಪ್ಪೇ ಅಲ್ಲವೇ ಎಂದು ನೆನಪಿಸುತ್ತಾರೆ. ಚಂಪಾಬಾಯಿ ಖುದ್ದಾಗಿ ಬಂದಿದ್ದರೂ ಇಷ್ಟು ಕಾಟ ಕೊಡುತ್ತಿದ್ದರೋ ಇಲ್ಲವೋ. ತುಪ್ಪದಲ್ಲಿ ಹುರಿದ ರವೆಯ ಘಮ ಹೊರಗೆ ಬಂದಾಗ ಹುಡುಗಿಯರು ಮೇಜು ಬಡಿಯಲು ಶುರು ಮಾಡುತ್ತಾರೆ.

ಎಲ್ಲರ ತಟ್ಟೆಗೂ ಒಂದೇ ಉಪ್ಪಿಟ್ಟು, ಮೇಲೊಂದು ಚಮಚ ತುಪ್ಪ, ಬದಿಗೆ ಮೊಸರು. ಹನ್ನೊಂದು ತಟ್ಟೆ ಖಾಲಿಯಾಗತೊಡಗುತ್ತವೆ. ಶರ್ವರಿಯದು ಹಾಗೇ ಇದೆ. ಮಾಸ್ತರು ಗದರಲು ಹೋದರೆ ಮೌಲಾಸಾಬ ಕಣ್ಣಲ್ಲೇ ಸುಮ್ಮನಿರಿಸುತ್ತಾರೆ. ಮಕ್ಕಳಿಗೆ ಉಣ್ಣು ಎಂದು ಹೇಳುವುದಿಲ್ಲ ಅವರು, ಹೇಳಿದರೆ ಗಂಟಲು ಇನ್ನಷ್ಟು ಕಟ್ಟುತ್ತದೆ ಎನ್ನುತ್ತಾರೆ. ಸುಮ್ಮನೆ ಎದುರು ಹೋಗಿ ಕೂರುತ್ತಾರೆ. ಶರ್ವರಿ ಅವರನ್ನೇ ನೋಡಿ, ಮೆಲ್ಲಗೆ ಕೇಳುತ್ತಾಳೆ: "ಚಾಚಾ, ನಿಮ್ಮ ತಾಟ ಎಲ್ಲಿ?"

ಆಗ ಹೊರಬೀಳುತ್ತದೆ ಗುಟ್ಟು. ಅರವತ್ಮೂರು ಪಂದ್ಯಗಳಿಗೆ ಮಕ್ಕಳಿಗೆ ಉಣಿಸಿದ ಈ ಮನುಷ್ಯ ಒಂದು ಸಲವೂ ಆಟಕ್ಕೆ ಮೊದಲು ತುತ್ತು ಬಾಯಿಗಿಟ್ಟಿಲ್ಲ. ತಾನು ಉಣಿಸಿದ್ದರಿಂದ ಮಕ್ಕಳಿಗೆ ಆಟದಲ್ಲಿ ಏನಾಗುತ್ತದೋ ಎಂಬ ಭಯಕ್ಕೆ ಒಳಗೆ ಇಳಿಯುವುದೇ ಇಲ್ಲವಂತೆ. ಹೊಟ್ಟೆಯಲ್ಲಿ ಹುಣ್ಣಿದ್ದವರು! ಹುಡುಗಿಯರು ಬಿಡುತ್ತಾರೆಯೇ? ಒಬ್ಬರೇ ಬೇರೆಯಾಗಿ ಕೂರಬಾರದು ಅಂತ ನೀವೇ ಹೇಳಿದ್ದು ಎಂದು ಹನ್ನೆರಡು ಬಾಯಿಗಳು ಒಟ್ಟಿಗೆ ತಿರುಗಿ ಬೀಳುತ್ತವೆ. ನೀಲಾ ಇನ್ನೊಂದು ತಟ್ಟೆ ತಂದಿಡುತ್ತಾರೆ. "ನೀವು ಒಂದು ತುತ್ತು ಉಣ್ರಿ, ನಾ ಒಂದು ಉಣ್ತೇನಿ," ಎನ್ನುತ್ತಾಳೆ ಶರ್ವರಿ. ಹಾಗೇ ಆಗುತ್ತದೆ. ಅವರೊಂದು ತುತ್ತು, ಇವಳೊಂದು ತುತ್ತು. ಏಳು ಮೂವತ್ತೆರಡಕ್ಕೆ ಎರಡೂ ತಟ್ಟೆ ಖಾಲಿ. ಶರ್ವರಿ ಇನ್ನೊಮ್ಮೆ ಹಾಕಿಸಿಕೊಂಡಾಗ ಮೌಲಾಸಾಬರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ, ಅವರು ಹೊಗೆ ಎಂದರೂ ಸರಿಯೇ.

ಮೈದಾನದಲ್ಲಿ ಅವರು ಚೆಂಡು ನೋಡುವುದಿಲ್ಲ. ಆಫ್‌ಸೈಡ್ ಎಂದರೇನು ಎಂದು ಇವತ್ತಿಗೂ ಗೊತ್ತಿಲ್ಲ. ಇಡೀ ಆಟ ಅವರ ದೃಷ್ಟಿ ಶರ್ವರಿಯ ಮೊಣಕಾಲುಗಳ ಮೇಲೆ. ಅರ್ಧ ಆಟ ಮುಗಿದರೂ ಆ ಕಾಲುಗಳು ನಡುಗಲಿಲ್ಲ. ಕೊನೆಯ ನಿಮಿಷದಲ್ಲಿ ಕಾಕತಿಯ ಉದ್ದನೆಯ ಹುಡುಗಿಯೊಬ್ಬಳು ಒದ್ದ ಚೆಂಡಿಗೆ ಶರ್ವರಿ ಬಲಕ್ಕೆ ಜಿಗಿದು, ಎದೆಗೆ ಅವುಚಿಕೊಂಡು, ಕೆಸರಲ್ಲಿ ಉರುಳಿ ಎದ್ದು ನಿಲ್ಲುತ್ತಾಳೆ. ಎರಡು–ಒಂದು. ಖಾನಾಪುರ ಫೈನಲ್ಲಿಗೆ! ಕುಣಿದವರಲ್ಲಿ ನಾನೂ ಒಬ್ಬಳು, ಮಳೆಯಲ್ಲಿ ಚಪ್ಪಲಿ ಕಳೆದುಕೊಂಡವಳೂ ನಾನೇ.

ಗದ್ದಲದಿಂದ ದೂರ, ಗಾಡಿಯ ಮರೆಯಲ್ಲಿ ನಿಂತು ಮೌಲಾಸಾಬ ಚಂಪಾಬಾಯಿಗೆ ಫೋನ್ ಹಚ್ಚುತ್ತಾರೆ. ಸ್ಪೀಕರ್ ಹಾಕಿರೆಂದು ನಾನು ಸನ್ನೆ ಮಾಡುತ್ತೇನೆ.

"ಅಕ್ಕಾರ, ನಾ ಮೌಲಾಸಾಬ್ರಿ. ಎರಡು ಪ್ಲೇಟ್ ಉಂಡಾಳ್ರಿ. ಉಳ್ಳಾಗಡ್ಡಿ ಇಲ್ಲ, ಕೊತಂಬ್ರಿನೂ ಇಲ್ಲ. ನಾ ಮುಂದ ನಿಂತು ಮಾಡಿಸೇನಿ. ಕಡೀತನಕ ಗಟ್ಟಿ ನಿಂತಿದ್ಳು."

ಆ ಕಡೆಯಿಂದ ಅಜ್ಜಿಯ ದನಿ ಕೇಳುತ್ತದೆ: "ಬರೂ ಆಯಿತವಾರ ಎಷ್ಟಕ್ಕ ಎಬ್ಬಿಸಲಿ ಆಕಿನ್ನ?"

ನಾಲ್ಕೂವರೆಗೆ ಎಂದು ಹೇಳಿ ಫೋನ್ ಇಟ್ಟವರನ್ನು ನಾನು ತರಾಟೆಗೆ ತೆಗೆದುಕೊಳ್ಳುತ್ತೇನೆ. ಗೆದ್ದದ್ದನ್ನು ಹೇಳಲೇ ಇಲ್ಲ, ಆ ಕೊನೆಯ ಚೆಂಡು ಹಿಡಿದದ್ದನ್ನೂ ಹೇಳಲಿಲ್ಲ, ಇದೆಂಥ ಸುದ್ದಿ ನಿಮ್ಮದು?

ಮೌಲಾಸಾಬ ಫೋನನ್ನು ಅಂಗಿಯ ಕಿಸೆಗೆ ಹಾಕಿ, ಸೀಟಿನ ಮೇಲೆ ಮಕ್ಕಳು ತುಳಿದಿಟ್ಟ ಕೆಸರನ್ನು ಒರೆಸತೊಡಗುತ್ತಾರೆ.

"ಚೆಂಡು ಹಿಡದಾಕಿ ಆಕಿ. ಅದನ್ನ ಆಕೀನ ಮನಿಗೆ ಹೋಗಿ ಹೇಳ್ಲಿ, ಅಜ್ಜಿ ಮುಂದ ಕುಂತು ಹೇಳ್ಲಿ. ನಂದು ಉಣಿಸೂ ಕೆಲಸ್ರಿ. ನಂದು ನಾ ಹೇಳೇನಿ."