ಅಂಟಿಸಿದ ಮೊದಲ ಹಾಳೆ

ರಾಯಚೂರಿನ ಒಂದು ಪ್ರೆಸ್ಸಿನಲ್ಲಿ ಗೋಪಮ್ಮ ಇಪ್ಪತ್ತೆರಡು ವರ್ಷ ಅಚ್ಚುಮೊಳೆ ಜೋಡಿಸಿದವಳು. ಪ್ರೆಸ್ಸು ಮುಚ್ಚಿ ಬಹಳ ಕಾಲವಾಯಿತು, ಆಕೆಗೀಗ ಅರವತ್ತೆಂಟು. ಹಳೆಯ ಕಾದಂಬರಿಗಳ ಮೊದಲ ಮುದ್ರಣ ಹುಡುಕುವ ಕೆಲವರು, ಕೊಳ್ಳುವ ಮೊದಲು ಪುಸ್ತಕವನ್ನು ಆಕೆಗೆ ತೋರಿಸುತ್ತಾರೆ. ಪುಸ್ತಕದಲ್ಲಿ ಬರೆದ ಇಸವಿಯನ್ನು ಆಕೆ ಸುಲಭವಾಗಿ ನಂಬುವುದಿಲ್ಲ.

ಹೋದ ವರ್ಷ ಶಕ್ತಿನಗರದ ಎಂಜಿನಿಯರ್ ಉದಯಕುಮಾರ, ದೇವದುರ್ಗದ ರದ್ದಿ ವ್ಯಾಪಾರಿ ಗಡಿಗೆಪ್ಪನನ್ನು ಕರೆದುಕೊಂಡು ಬಂದ. ಗಡಿಗೆಪ್ಪನ ಚೀಲದಲ್ಲಿದ್ದದ್ದು ಗೋಪಮ್ಮನ ಪ್ರೆಸ್ಸಿನಲ್ಲೇ ಅಚ್ಚಾದ ಕಾದಂಬರಿ. ‘ಮೊದಲ ಮುದ್ರಣ, 1984’ ಎಂದಿತ್ತು. ಕೆಳಗೆ ಯಾರದೋ ಸಹಿ.

ಗೋಪಮ್ಮ ನೇರವಾಗಿ ನೂರಹನ್ನೆರಡನೇ ಪುಟ ತೆಗೆದಳು. ‘ಊರು ಹಾಳಾಯಿತು’ ಎಂದಿತ್ತು.

“ಇದು ಮೊದಲಿಂದಲ್ಲ ಬಿಡ್ರಿ ಸರ. ಎರಡನೇ ಮುದ್ರಣ.”

“ಹ್ಯಾಂಗ ಹೇಳ್ತೀರಿ?” ಉದಯಕುಮಾರ ಕೇಳಿದ.

“ಮೊದಲಿಂದ್ರಾಗ ‘ಊರು ಹಾಲಾಯಿತು’ ಅಂತ ಅದ. ಆ ಪುಟ ಜೋಡಿಸಿದಾಕಿ ನಾನ.”

ನಲವತ್ತು ವರ್ಷ ಆಕೆ ಇದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ಗೊತ್ತಾದಾಗ ಸಾವಿರ ಪ್ರತಿ ಅಚ್ಚಾಗಿದ್ದವು. ಮಾಲೀಕರ ಅನುಮಾನ ಪಕ್ಕದಲ್ಲಿ ಕೂರುತ್ತಿದ್ದ ಮೌನಪ್ಪನ ಮೇಲೆ ಹೋಯಿತು. ಅವನನ್ನು ಕೆಲಸದಿಂದ ತೆಗೆದರು. ಗೋಪಮ್ಮ ಬಾಯಿ ಬಿಡಲಿಲ್ಲ.

ಆಕೆ ಪುಸ್ತಕದ ಬೆನ್ನನ್ನು ಬೆಳಕಿಗೆ ಹಿಡಿದಳು. ಮೊದಲ ಹಾಳೆಯ ಅಂಚಿನಲ್ಲಿ ಒಣಗಿದ ಅಂಟಿನ ಗೆರೆ ಕಂಡಿತು. ಆ ಒಂದು ಹಾಳೆ ಮಾತ್ರ ಬೇರೆ ಪ್ರತಿಯದು.

“ಮೋಸ ಮಾಡಾಕ ಬಂದೀಯೇನಲೇ?” ಉದಯಕುಮಾರ ಗಡಿಗೆಪ್ಪನತ್ತ ತಿರುಗಿದ.

“ನನಗೇನು ಗೊತ್ರೀ? ಮಾನ್ವಿಯಾಗ ನೀಲಗಂಗಮ್ಮಾರ ಮನ್ಯಾಗ ತಗೊಂಡೀನಿ. ಹೆಂಗ ಕೊಟ್ರೋ ಹಂಗ ತಂದೀನಿ.”

ಗೋಪಮ್ಮನಿಗೂ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಗಡಿಗೆಪ್ಪ ಕಣ್ಣು ತಪ್ಪಿಸುತ್ತಿದ್ದ. ಆದರೆ ಮೌನಪ್ಪನೂ ಅಂದು ಹೀಗೆಯೇ ತಲೆ ತಗ್ಗಿಸಿ ನಿಂತಿದ್ದ. “ಎರಡು ದಿನ ಪುಸ್ತಕ ನನ್ನ ಹತ್ರ ಇರಲಿ,” ಎಂದಳು.

ಮರುದಿನ ಪೋತ್ನಾಳದ ಕಡೆ ಹೋಗುವ ಬಸ್ಸು ಹಿಡಿದು ಮಾನ್ವಿಯಲ್ಲಿ ಇಳಿದಳು. ತೀರಿಹೋದ ಮಾಸ್ತರರೊಬ್ಬರ ಹೆಂಡತಿ ನೀಲಗಂಗಮ್ಮ ಬಾಗಿಲನ್ನು ಅರ್ಧ ಮಾತ್ರ ತೆರೆದು, ಯಾರು, ಯಾಕೆ ಎಂದು ಮೂರು ಸಲ ಕೇಳಿದಳು. ಪುಸ್ತಕ ಕಂಡ ಮೇಲೆ ಒಳಗೆ ಕರೆದಳು.

“ಮೊದಲಿನ ಪುಸ್ತಕ ಗೆದ್ದಲ ತಿಂತು. ನಮ್ಮ ಮನಿಯವರ ಸಹಿ ಇದ್ದ ಹಾಳಿ ಒಂದ ಉಳೀತು. ಅದನ್ನ ಇದಕ್ಕ ಹಚ್ಚಿಸಿದ್ದೆ. ನಾನು ದವಾಖಾನ್ಯಾಗ ಇದ್ದಾಗ ಮಗಳು ರದ್ದಿ ಜೋಡಿ ಇದನ್ನೂ ಮಾರ್ಯಾಳ.”

ರಾಯಚೂರಿನಲ್ಲಿ ಇದನ್ನೆಲ್ಲ ಕೇಳಿದ ಉದಯಕುಮಾರ ನಕ್ಕ. “ನೀವೂ ಆ ಗಡಿಗೆಪ್ಪನೂ ಕೂಡಿ ಕಥಿ ಚಲೋ ಕಟ್ಟೀರಿ.” ಆಮೇಲೆ ಅವನು ಅವಳ ಮನೆಗೆ ಬರಲಿಲ್ಲ.

ಗಡಿಗೆಪ್ಪ ಬಂದಾಗ ಗೋಪಮ್ಮ ಅವನಿಗೆ ಚಹಾ ಕೊಟ್ಟು, ನೀಲಗಂಗಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

“ಯವ್ವಾ, ನಿನಗೂ ನನ್ನ ಮ್ಯಾಲ ಅನುಮಾನ ಇತ್ತಲ್ಲ?”

“ಇತ್ತಪ್ಪ. ಪೂರಾ ಇತ್ತು. ತಪ್ಪಾತು.”

ಅವನು ಚಹಾ ಮುಗಿಸಿದ. ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು, ಮಾನ್ವಿ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.