ಚಂದ್ರಕಲಾ ಜೋಡಿಸದ ವೈರು

ಕೆಂಚಣ್ಣ ಅವಳನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಷರತ್ತು ಹಾಕಿದ್ದ. "ನೋಡವ್ವ ಚಂದ್ರಕಲಾ, ಹೆಣ್ಮಗಳು ವೈರಿಂಗ್ ಮಾಡ್ತಾಳಂದ್ರ ಮಂದಿ ಮೊದಲ ನಗ್ತಾರ. ನಿನ್ನ ಕೈಯಾಗ ಒಂದ ಒಂದು ಗಾಡಿ ಕೆಟ್ರ ನೀನೂ ಬ್ಯಾಡ, ನಿನ್ನ ಮೀಟರೂ ಬ್ಯಾಡ."

ಆಮೇಲೆ ಹೊಸಪೇಟೆಯ ಆ ಗ್ಯಾರೇಜಿನಲ್ಲಿ ಅವಳ ಕೈಯಿಂದ ಹೋದ ಯಾವ ಗಾಡಿಯೂ ಅದೇ ಕಾಯಿಲೆ ಹೊತ್ತು ತಿರುಗಿ ಬರಲಿಲ್ಲ. ಮೆಟ್ರಿಯಲ್ಲಿ ಹುಟ್ಟಿದವಳು. ಅಪ್ಪ ಗದ್ದೆಯ ಪಂಪ್‌ಸೆಟ್ಟು ಬಿಚ್ಚಿ ಕೂತಾಗ ಪಕ್ಕದಲ್ಲಿ ದೀಪ ಹಿಡಿದು ನಿಂತೇ ಕರೆಂಟಿನ ದಾರಿ ಕಲಿತಳು. ಐಟಿಐ ಮುಗಿಸಿ ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ಸುಗಳ ವೈರಿಂಗ್ ಮಾಡುತ್ತಿದ್ದಾಗ ಅದಿರು ಲಾರಿ ಓಡಿಸುತ್ತಿದ್ದ ಹುಲುಗೇಶನ ಜೊತೆ ಮದುವೆಯಾಯಿತು. ಗಣಿಯ ಕೆಲಸ ಕಡಿಮೆಯಾದ ಮೇಲೆ ಇಬ್ಬರೂ ಹೊಸಪೇಟೆಗೆ ಬಂದರು. ಅವನು ಅದಿರು ಸಾಗಾಟದ ಗುತ್ತಿಗೆದಾರ ವಿಜಯಕುಮಾರನ ಕಾರಿಗೆ ಡ್ರೈವರಾದ. ಅವಳು ಕೆಂಚಣ್ಣನ ಗ್ಯಾರೇಜಿಗೆ ಸೇರಿದಳು. ಸಂಬಳಕ್ಕಿಂತ ಹೆಚ್ಚಾಗಿ ಅವಳು ಆಸೆಪಟ್ಟದ್ದು ಗಿರಾಕಿಗಳು ಬಂದು "ಆ ಅಕ್ಕಾನ್ನ ಕರೀರಿ" ಅನ್ನುವುದನ್ನು.

ವಿಜಯಕುಮಾರನ ಬಿಳಿ ಕಾರು ಹಳೆಯದು, ಆದರೆ ಆಟೋಮ್ಯಾಟಿಕ್. ಒಂದು ದಿನ ಅದು ಚಾಲೂ ಆಗದೆ ನಿಂತಿತು. ಹುಲುಗೇಶ ಅದನ್ನು ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಎಲ್ಲರೆದುರು ಹೆಂಡತಿಗೆ ಹೇಳಿದ: "ಏ ಚಂದ್ರಿ, ಬ್ಯಾಟರಿ ಸತ್ತೈತಿ. ಹೊಸಾದು ಹಾಕು, ಜಲ್ದಿ."

ಅವಳು ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿದಳು. ಬೆಳಕು ಚೂರೂ ಕುಂದಲಿಲ್ಲ, ಸ್ಟಾರ್ಟರ್ ಮೋಟಾರು ಉಸಿರೆತ್ತಲಿಲ್ಲ. ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಮೋಟಾರಿಗೆ ತಲುಪುತ್ತಿಲ್ಲ. ಗೇರಿನ ಹಿಡಿಯನ್ನು ಪಾರ್ಕಿಂಗಿನ ಪಿ ಯಿಂದ ನ್ಯೂಟ್ರಲ್ಲಿನ ಎನ್‌ಗೆ ತಂದು ಮತ್ತೆ ತಿರುಗಿಸಿದಳು. ಗರ್ರೆಂದು ಚಾಲೂ ಆಯಿತು. ಆರಿಸಿ ಪಿ ಗೆ ಹಾಕಿ ನೋಡಿದಳು. ಸತ್ತ ಹಾಗೆ ಬಿದ್ದಿತ್ತು. ಕೀಲಿ ಹಿಡಿದುಕೊಂಡೇ ಹಿಡಿಯನ್ನು ಸ್ವಲ್ಪ ಅಲುಗಿಸಿದಾಗ ಒಮ್ಮೆ ಕೆಮ್ಮಿ ನಿಂತಿತು.

"ನ್ಯೂಟ್ರಲ್ ಸ್ವಿಚ್ ಹೋಗೈತ್ರಿ," ಎಂದಳು.

"ಓಹೋ, ಡಾಕ್ಟ್ರು ಹೇಳಿದ್ರು!" ಎಂದ ಹುಲುಗೇಶ. ಗ್ಯಾರೇಜಿನವರು ನಕ್ಕರು.

ಅವಳು ಕಾರಿನಡಿ ತೂರಿ ಗೇರ್‌ಬಾಕ್ಸಿನ ಮಗ್ಗುಲಿನ ಸ್ವಿಚ್ಚಿನಿಂದ ವೈರಿನ ಕನೆಕ್ಟರ್ ಬಿಚ್ಚಿದಳು. ಗಂಡನನ್ನು ಕರೆದು ಎರಡು ವೈರು ತೋರಿಸಿದಳು. "ನೋಡ್ರಿ, ಕೀಲಿಯಿಂದ ಬಂದ ಕರೆಂಟು ಇದರಾಗ ಬಂದು ಅದರಾಗ ಹೋಗಬೇಕು. ಹಿಡಿ ಪಿ ಯಾಗೋ ಎನ್‌ನಾಗೋ ಇದ್ರ ಮಾತ್ರ ಸ್ವಿಚ್ಚು ಎರಡನ್ನೂ ಕೂಡಸ್ತೈತಿ. ಗಾಡಿ ಗೇರಿನಾಗ ಇದ್ದಾಗ ಚಾಲೂ ಆಗಬಾರದು ಅಂತ ಮಾಡಿದ್ದು." ಕರೆಂಟಿನ ದಾರಿ ಕೂಡಿದರೆ ಕೂಗುವ ಮೀಟರಿನ ಕಡ್ಡಿಗಳನ್ನು ಸ್ವಿಚ್ಚಿಗೆ ಇಟ್ಟಳು. ಎನ್‌ನಲ್ಲಿ ಮೀಟರು ಕೂಗಿತು. ಪಿ ಯಲ್ಲಿ ಸುಮ್ಮನಿತ್ತು.

ಸ್ವಿಚ್ಚು ಜಾರಿರಬಹುದೆಂದು ಬೋಲ್ಟ್ ಸಡಿಲಿಸಿ ಗುರುತಿಗೆ ಗುರುತು ಕೂಡಿಸಿ ನೋಡಿದಳು. ಪ್ರಯೋಜನವಾಗಲಿಲ್ಲ. ಕಳಚಿ ತೆಗೆದಾಗ ಅದರ ಸಂದಿನಿಂದ ಕೆಂಪು ಕೆಸರು ಒಸರಿತು. ಸಂಡೂರಿನಿಂದ ಬಂದಾಗಲೆಲ್ಲ ಹುಲುಗೇಶ ಅದಿರಿನ ಧೂಳು ಹೋಗಲೆಂದು ಕಾರಿನಡಿಗೆ ಜೋರು ನೀರು ಹೊಡೆಸುತ್ತಿದ್ದ. ಆ ನೀರೇ ಧೂಳನ್ನು ಒಳಗೆ ತಳ್ಳಿತ್ತು. ತಾಮ್ರದ ತಗಡುಗಳು ಸವೆದು ಹೋಗಿದ್ದವು.

"ಹುಬ್ಬಳ್ಳಿಯಿಂದ ಹೊಸಾದು ಬರಬೇಕು. ಅಲ್ಲೀತನಕ ಇದನ್ನ ಒರೆಸಿ ಹಾಕಿರ್ತೀನಿ. ಎನ್‌ಗೆ ಹಾಕಿ, ಬ್ರೇಕ್ ತುಳಿದು ಚಾಲೂ ಮಾಡ್ರಿ. ಒಮ್ಮೊಮ್ಮೆ ಅದೂ ಆಗಾಕಿಲ್ಲ, ಧಣಿಗೆ ಹೇಳಿಡ್ರಿ."

ಹುಲುಗೇಶ ಧಣಿಗೆ ಹೇಳಲಿಲ್ಲ.

ಕಂಪ್ಲಿಯಲ್ಲಿ, ವಿಜಯಕುಮಾರನಿಗೆ ಬೀಗರಾಗಲಿದ್ದವರ ಮನೆಯ ಮುಂದೆ, ಕಾರು ಎನ್‌ನಲ್ಲಿಯೂ ಕೈಕೊಟ್ಟಿತು. ವಿಜಯಕುಮಾರ ಹಿಂದಿನ ಸೀಟಿನಿಂದ ಇಳಿಯದೆ "ತಳ್ಳಲೇ" ಎಂದ. ಆಟೋಮ್ಯಾಟಿಕ್ ಕಾರು ತಳ್ಳಿದರೆ ಚಾಲೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹುಲುಗೇಶ ಬೀದಿಯ ಕೊನೆಯವರೆಗೆ ತಳ್ಳಿದ. ವಿಜಯಕುಮಾರ ಕಿಟಕಿಯಿಂದ ತಲೆ ಹೊರಹಾಕಿ ಬೀಗರಿಗೆ ಕೂಗಿ ಹೇಳಿದ: "ಎತ್ತು ಸಾಕಬೇಕಿತ್ರಿ, ಡ್ರೈವರ್ ಸಾಕಿ ಕೆಟ್ಟೆ!" ನಗು ನಿಂತ ಮೇಲೆ ಮೆಲ್ಲಗೆ ಅಂದ: "ಅಮಾಸಿ ದಿನ ಗಾಡಿ ನನ್ನ ಬಾಗಿಲಿಗೆ ಒಂದ ಹೊಡತಕ್ಕ ಚಾಲೂ ಆಗಿ ಬರಬೇಕು. ಇಲ್ಲಾಂದ್ರ ನೀ ಬರಬ್ಯಾಡ."

ಮನೆಗೆ ಬಂದವನೇ ಹುಲುಗೇಶ ಹೆಂಡತಿಗೆ ಹೇಳಿದ: "ಸ್ವಿಚ್ಚು ಬಿಟ್ಟು ಆ ಎರಡು ವೈರು ಕೂಡಿಸಿ ಡೈರೆಕ್ಟ್ ಮಾಡಿಬಿಡು."

"ಆಗಂಗಿಲ್ರಿ. ಡೈರೆಕ್ಟ್ ಮಾಡಿದ್ರ ಯಾವ ಗೇರಿನಾಗ ಇದ್ರೂ ಚಾಲೂ ಆಕ್ಕೈತಿ. ನೀವು ರೈಲ್ವೆ ಗೇಟಿನಾಗ ನಿಂತ್ರೂ ಹಿಡೀನ ಮುಂದ ಹೋಗೋ ಡಿ ಯಾಗ ಬಿಟ್ಟು ಕೀಲಿ ಆರಸ್ತೀರಿ, ನಾ ನೋಡೀನಿ."

"ಲಾರ್ಯಾಗ ಎಷ್ಟು ಗಾಡಿ ಡೈರೆಕ್ಟ್ ಮಾಡಿಲ್ಲ ನಾವು? ಯಾವ ಮಗ ಸತ್ತಾನ?"

"ಲಾರಿಗೆ ಕ್ಲಚ್ ಇರ್ತೈತ್ರಿ, ಅದನ್ನ ತುಳಿದ್ರ ಗೇರಿನಾಗಿದ್ರೂ ಗಾಡಿ ಹಾರಂಗಿಲ್ಲ."

ಅವನು ತಟ್ಟೆಯನ್ನು ಗೋಡೆಗೆ ಎಸೆದ. ಅವನ ತಾಯಿ ದುರ್ಗಕ್ಕ ಅನ್ನವನ್ನು ಬಳಿದು ತೆಗೆಯುತ್ತಾ ಸೊಸೆಗೆ ಅಂದಳು: "ಗಂಡನ ಹೊಟ್ಟಿಮ್ಯಾಲೆ ಹೊಡದು ಅದೆಂಥ ವಿದ್ಯಾನವ್ವ ನಿಂದು?"

ಯಾವ ಎರಡು ವೈರು ಎಂಬುದನ್ನು ಚಂದ್ರಕಲಾ ತಾನೇ ತೋರಿಸಿಕೊಟ್ಟಿದ್ದಳು. ಅದನ್ನು ಅವನು ಮರೆತಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಕಾರನ್ನು ಮನೆಯ ಮುಂದೆ ನಿಲ್ಲಿಸಿ ಪೂಜೆಗೆ ಸಿದ್ಧಮಾಡಿದ. ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಸದೆ ಈ ಕಡೆಯ ಡ್ರೈವರುಗಳು ಊರು ಬಿಡುವುದಿಲ್ಲ. ಹುಲುಗೇಶನಿಗೆ ಅವ್ವನ ಕೈಯ ಕಾಯೇ ಆಗಬೇಕು. ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಚಾಲೂ ಆದ ಕೂಡಲೇ, ಹಿಂದೆ ಸರಿಯದೆ, ಒಂದೇ ಸಲಕ್ಕೆ ನಿಂಬೆ ಒಡೆಯಬೇಕು. ಅದಕ್ಕೆ ಅವನು ಹಿಡಿಯನ್ನು ಡಿ ಯಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕನ್ನೂ ಇಳಿಸಿ ಕುಳಿತಿದ್ದ. ದುರ್ಗಕ್ಕ ಕಾಯಿ ಒಡೆದು ಚೂರುಗಳನ್ನು ಆರಿಸಲು ಬಂಪರಿನ ಮುಂದೆ ಬಗ್ಗಿದಳು. ಎದುರುಮನೆಯ ಕಟ್ಟೆ ಅವಳ ಬೆನ್ನಿಗೆ ಹತ್ತಿರದಲ್ಲೇ ಇತ್ತು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಚಂದ್ರಕಲಾಳಿಗೆ ಕಾರು ಒಂದೇ ಹೊಡೆತಕ್ಕೆ ಚಾಲೂ ಆಗಿ ಆ ಕ್ಷಣವೇ ಮುನ್ನುಗ್ಗಿದ್ದು ಕೇಳಿಸಿತು. ಆ ಸ್ವಿಚ್ಚಿನಿಂದ ಅದು ಸಾಧ್ಯವಿರಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಓಡಿದಳು.

ಚಾಲೂ ಮಾಡುತ್ತಲೇ ಎಕ್ಸಿಲರೇಟರ್ ಒತ್ತುವುದು ಲಾರಿಯ ಅಭ್ಯಾಸ. ಕಾರು ನಿಂಬೆಯ ಮೇಲೆ ಹಾರಿ ದುರ್ಗಕ್ಕನನ್ನು ಕಟ್ಟೆಗೆ ಅದುಮಿತ್ತು. ಹುಲುಗೇಶ ಸ್ಟೇರಿಂಗ್ ಹಿಡಿದು ಕಲ್ಲಾಗಿ ಕುಳಿತಿದ್ದ. ಚಂದ್ರಕಲಾ ಕಿಟಕಿಯಿಂದ ಕೈ ಹಾಕಿ ಕೀಲಿ ಆರಿಸಿ, ಹಿಡಿಯನ್ನು ಎನ್‌ಗೆ ಎಳೆದು, ಮುಂದೆ ಹೋಗಿ ಬೆನ್ನು ಕೊಟ್ಟು ಕಾರನ್ನು ಹಿಂದಕ್ಕೆ ತಳ್ಳಿದಳು. ಅತ್ತೆ ಅವಳ ತೋಳಿಗೆ ಕುಸಿದಳು. ತೊಡೆಯ ಎಲುಬು ಮುರಿದಿತ್ತು.

ಆಸ್ಪತ್ರೆಗೆ ವಿಜಯಕುಮಾರನೂ ಕೆಂಚಣ್ಣನೂ ಬಂದರು. "ವೈರು ಮುಟ್ಟಿದವರು ಯಾರಲೇ?" ಎಂದು ವಿಜಯಕುಮಾರ ಕೇಳಿದ.

ಹುಲುಗೇಶ ನೆಲ ನೋಡಿದ. "ನಮ್ಮ ಮನ್ಯಾಕಿನ ರೀ, ಧಣಿ."

"ಸುಳ್ಳು," ಎಂದಳು ಚಂದ್ರಕಲಾ. "ಕೆಂಚಣ್ಣ, ನೀವ ಹೋಗಿ ನೋಡ್ರಿ. ನಾನು ಯಾವತ್ತಾರ ಬೆಸುಗಿ ಹಾಕದ ವೈರು ಬಿಟ್ಟೀನೇನು?"

ಕೆಂಚಣ್ಣ ಹೋಗಿ ನೋಡಿದ. ಎರಡು ವೈರುಗಳನ್ನು ಸುಲಿದು, ತಿರುಚಿ, ಗಾಯದ ಪಟ್ಟಿ ಸುತ್ತಲಾಗಿತ್ತು. ಅದು ಅವಳ ಕೈಯಲ್ಲವೆಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ತಿರುಗಿ ಬಂದು ಅಂದ: "ಯಾರರ ಮಾಡಿರಲಿ. ಗಾಡಿ ಹೋಗಿದ್ದು ನನ್ನ ಗ್ಯಾರೇಜಿನಿಂದ, ರಿಪೇರಿ ಮಾಡ್ದಾಕಿ ಹೆಣ್ಮಗಳು ಅಂತ ಊರೆಲ್ಲ ಆಗಲೇ ಆಡ್ಕಂತಾರ."

ಠಾಣೆಯವರು ದುರ್ಗಕ್ಕನನ್ನೇ ಕೇಳಿದರು. ಆಕೆ ಹಾಸಿಗೆಯಿಂದ ಮಗನ ಮುಖ ನೋಡಿ, ಸೊಸೆಯ ಮುಖ ನೋಡಿ, ಕಣ್ಣು ಮುಚ್ಚಿ ಹೇಳಿದಳು: "ಸೊಸಿ ಮಾಡಿದ್ದುರಿ. ತಿಳೀಲಾರದ ಮಾಡ್ಯಾಳ. ಮನೀ ಮಾತು, ಕೇಸು ಬ್ಯಾಡ." ಅವರು ಬರೆದುಕೊಂಡು ಹೋದರು.

ಹುಬ್ಬಳ್ಳಿಯಿಂದ ಸ್ವಿಚ್ಚು ಬಂತು. ಗ್ಯಾರೇಜಿನಲ್ಲಿ ಬೇರೆ ಯಾರೂ ಅಂಥದ್ದನ್ನು ಹಾಕಿರಲಿಲ್ಲ. ಕೆಂಚಣ್ಣ ಅವಳನ್ನೇ ಕರೆಸಿದ. ಹೋಗಬಾರದೆಂದು ಅವಳಿಗೆ ಒಂದು ಕ್ಷಣ ಅನಿಸಿತು. ಆದರೆ ತಿರುಚಿದ ವೈರಿನ ಕಾರು ಇನ್ನೊಬ್ಬರ ಮುಂದೆಯೂ ನಿಲ್ಲುತ್ತದೆ. ಹೋದಳು. ಪಟ್ಟಿ ಬಿಚ್ಚಿ, ವೈರುಗಳನ್ನು ಬೇರೆ ಮಾಡಿ ಕನೆಕ್ಟರ್ ಸರಿಪಡಿಸಿದಳು. ಹಿಡಿ ಎನ್‌ನಲ್ಲಿಟ್ಟು, ಹೊಸ ಸ್ವಿಚ್ಚಿನ ಗುರುತು ಕೂಡಿಸಿ ಬೋಲ್ಟ್ ಬಿಗಿದಳು. ಹುಲುಗೇಶನನ್ನು ಒಳಗೆ ಕೂರಿಸಿ, ಎಲ್ಲರನ್ನೂ ಕಾರಿನ ಮುಂದಿನಿಂದ ಸರಿಸಿದಳು.

"ಬ್ರೇಕ್ ತುಳೀರಿ. ಪಿ ಯಾಗ ಹಚ್ಚರಿ." ಚಾಲೂ ಆಯಿತು. "ಹಿಂದ ಹೋಗೋ ಆರ್‌ನಾಗ." ಆಗಲಿಲ್ಲ. "ಎನ್." ಆಯಿತು.

"ಈಗ ಡಿ."

ಅವನು ಕೀಲಿ ಬಿಟ್ಟು, ಕಾರಿನ ಮುಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದ.

"ತಿರುವ್ರಿ. ಏನೂ ಆಗಂಗಿಲ್ಲ."

ತಿರುವಿದ. ಏನೂ ಆಗಲಿಲ್ಲ.

"ಮಸ್ತ್ ಆತವ್ವ," ಎಂದ ಕೆಂಚಣ್ಣ, ಕಾರಿನ ಮೇಲೆ ಕೈ ಸವರುತ್ತಾ. "ನಾಳಿಂದ ಬರಬ್ಯಾಡ." ಮೀಟರನ್ನು ಅವಳು ಚೀಲಕ್ಕೆ ಹಾಕಿಕೊಳ್ಳುವವರೆಗೂ ಅವನು ಬೇರೆ ಕಡೆ ನೋಡುತ್ತಿದ್ದ. ಹುಲುಗೇಶ ಕಾರು ತೆಗೆದುಕೊಂಡು ಧಣಿಯ ಮನೆಗೆ ಹೋದ. ಅವನ ಕೆಲಸ ಉಳಿದಿತ್ತು.

ಮನೆಯಲ್ಲಿ ದುರ್ಗಕ್ಕ ಕಾದಿದ್ದಳು. ಮಂಚದಡಿಯ ಬೇಸಿನ್ನನ್ನು ತೆಗೆದು ಕೊಡುವವರು ಬೇರೆ ಇರಲಿಲ್ಲ.

"ನಾ ಸುಳ್ಳು ಹೇಳೀನಿ, ಗೊತ್ತೈತಿ ನನಗ," ಎಂದಳು, ಸೊಸೆ ಹತ್ತಿರ ಬಂದಾಗ. "ಅವನ ಕೆಲಸ ಹೋಗಿದ್ರ ಎಲ್ಲಾರೂ ಉಪಾಸ."

"ನನ್ನ ಕೆಲಸ ಹೋತಲ್ಲ ಅತ್ತಿ."

"ನಿಂದು ಹೋದ್ರ ಏನಾತು? ನೀ ಮನ್ಯಾಗಿರ್ತಿ." ದುರ್ಗಕ್ಕ ನೋವಿಗೆ ಹಲ್ಲು ಕಚ್ಚಿದಳು. "ನನ್ನ ಎತ್ತಿ ಇಳಸಾಕ ಯಾರಾರ ಬೇಕಲ್ಲ."

ಚಂದ್ರಕಲಾ ಮೀಟರಿನ ಚೀಲವನ್ನು ಗೋಡೆಯ ಮೊಳೆಗೆ ತೂಗಿಹಾಕಿದಳು. ಆಮೇಲೆ ಬಗ್ಗಿ, "ಕೊರಳಿಗೆ ಕೈ ಹಾಕ್ರಿ," ಎಂದಳು. ಮುರಿದ ಕಾಲು ಚೂರೂ ಹೊರಳದ ಹಾಗೆ ತೊಡೆಯ ಕೆಳಗೆ ಅಂಗೈ ಇಟ್ಟು ಎತ್ತಿದಳು.

"ಇನ್ನೊಂಚೂರು ಮ್ಯಾಲೆ," ಎಂದಳು ಅತ್ತೆ.

ಅವಳು ಇನ್ನೊಂಚೂರು ಎತ್ತಿದಳು.